ಹೊಸ್ತಿಲಿನ ಗಜಕೋಲು

ಜಯದೇವಪ್ಪ ಹುಟ್ಟಿದ್ದೇ ಹೆದರುವುದಕ್ಕೆ ಎಂದು ಅವನ ಹೆಂಡತಿ ತಿಪ್ಪೇರುದ್ರಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನು ಅವನು. ಬಸ್ಸು ಕೊಂಚ ವಾಲಿದರೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಶಿವಶಿವಾ ಎನ್ನುವವನು. ಅಂಥವನ ಕೈಗೆ ಮೊಳಕಾಲ್ಮುರಿನ ಗುಲ್ಷನ್ ಬೀ ತನ್ನ ಗಂಡನನ್ನು ಒಪ್ಪಿಸಿದ್ದಳು.

ಬೆಳಿಗ್ಗೆಯೇ ಅವಳ ಫೋನು ಬಂದಿತ್ತು.

"ಅಣ್ಣಾ, ಚಳ್ಳಕೆರೆ ಬಸ್ಸು ಹತ್ತಿಸಿ ಬಂದೀನಿ. ಈ ವಾರದಾಗೆ ಎರಡು ಸಲ ತಲೆ ತಿರುಗಿ ಗೋಡೆ ಹಿಡ್ಕೊಂಡವ್ರೆ. ಬ್ಯಾಡ ಅಂದ್ರೆ ಕೇಳಂಗಿಲ್ಲ. ಹಳೇ ಅಂಗಡಿ ನೋಡ್ಬೇಕಂತೆ, ಮೊಮ್ಮಗಳು ಕೂರೋ ಕುರ್ಚಿ ನೋಡ್ಬೇಕಂತೆ. ನೀವು ಮಾತ್ರ ಅವ್ರನ್ನ ಒಬ್ರೇ ಬಿಡಬ್ಯಾಡ್ರಿ."

"ಬಿಡಲ್ಲ ಕಣಮ್ಮ," ಎಂದು ಮಾತು ಕೊಟ್ಟ ಜಯದೇವಪ್ಪ ಆಗಿನಿಂದಲೇ ಹೆದರತೊಡಗಿದ್ದ.

ಬಸ್ಸಿನಿಂದ ಇಳಿದ ನೂರ್ ಅಹಮ್ಮದ್ ಮಾತ್ರ ಮದುವೆಗೆ ಬಂದವನಂತಿದ್ದ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ತಲೆಗೆ ಟೋಪಿ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಅವನ ಗಜಕೋಲು. ಸೀರೆ ಅಳೆಯುತ್ತಿದ್ದ ಕೋಲು ಅದು. ಗಟ್ಟಿ ತೇಗ, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿಗೆ, ಮೈತುಂಬ ಅಳತೆಯ ಗೀರು. ಅಂಗಡಿ ಮುಚ್ಚಿದ ಮೇಲೆ ಮಿಕ್ಕ ಸಾಮಾನನ್ನೆಲ್ಲ ಮಾರಿದವನು ಇದೊಂದನ್ನು ಉಳಿಸಿಕೊಂಡು ಊರುಗೋಲು ಮಾಡಿಕೊಂಡಿದ್ದ.

"ಯಾಕಲೇ ಜಯ್ಯಾ, ಮುಖ ಹಿಂಗೈತೆ? ನನ್ನ ಹೂಳಾಕೆ ಬಂದೋನಂಗೆ?"

"ಬಾಯಾಗೆ ಒಳ್ಳೇ ಮಾತೇ ಬರಾಕಿಲ್ಲೇನಲೇ ನಿನಗೆ," ಎಂದು ಜಯದೇವಪ್ಪ ಗೆಳೆಯನ ತೋಳು ಹಿಡಿದುಕೊಂಡ. ನೂರ್ ಅಹಮ್ಮದ್ ಬಿಡಿಸಿಕೊಂಡ.

ಹಳೇ ಪೇಟೆಯ ಕಮಾನು ಬಜಾರಿನಲ್ಲಿ ಅವರಿಬ್ಬರದೂ ಅಕ್ಕಪಕ್ಕದ ಅಂಗಡಿ. ಎಣ್ಣೆ ಗಿರಣಿಯ ಸಾಹುಕಾರರೊಬ್ಬರು ಅಜ್ಜಂದಿರ ಕಾಲದಲ್ಲಿ ಕಟ್ಟಿಸಿದ್ದ ಕಲ್ಲಿನ ಕಟ್ಟಡ ಅದು. ಸಾಲಾಗಿ ಕಮಾನುಗಳು, ಕಮಾನಿಗೊಂದು ಅಂಗಡಿ, ಮುಂದೆ ಉದ್ದಕ್ಕೆ ಜಗಲಿ. ಕೊನೆಯ ಕಮಾನಿನಲ್ಲಿ ನೂರ್ ಅಹಮ್ಮದನ ಮೊಳಕಾಲ್ಮುರು ಸೀರೆ, ಅದರ ಪಕ್ಕದಲ್ಲಿ ಜಯದೇವಪ್ಪನ ಕಂಬಳಿ, ಜಮಖಾನೆ. ಶೇಂಗಾ ಮಾರಲು ಬಂದವರು ಕಂಬಳಿ ಕೊಳ್ಳುವರು, ಮಗಳ ಮದುವೆ ಇದ್ದವರು ಸೀರೆಗೆ ಹತ್ತುವರು. ದೊಡ್ಡ ರಸ್ತೆಯಲ್ಲಿ ಗಾಜಿನ ಅಂಗಡಿಗಳು ಬಂದ ಮೇಲೆ ಗಿರಾಕಿಗಳು ಅತ್ತ ಹರಿದರು. ಕಟ್ಟಡ ಕೈಬದಲಾಗಿ ಈಗ ಅದರ ತುಂಬ ಕಚೇರಿಗಳು. ಬೀಜದ ಕಂಪನಿಯದೊಂದು, ತೆರಿಗೆ ಲೆಕ್ಕದವರದೊಂದು, ಕೊನೆಯ ಕಮಾನುಗಳನ್ನೆಲ್ಲ ಸೇರಿಸಿ ವಿಮೆಯವರದೊಂದು. ನೂರ್ ಅಹಮ್ಮದನ ಮೊಮ್ಮಗಳು ಆಯೇಷಾ ಕೆಲಸಕ್ಕೆ ಸೇರಿದ್ದು ಈ ವಿಮೆ ಕಚೇರಿಗೇ.

ಒಳಗೆ ಕಾಲಿಡುತ್ತಲೇ ಜಯದೇವಪ್ಪನ ಎದೆ ಅಳ್ಳಾಡಿತು. ಗಾಜಿನ ಬಾಗಿಲು ಮುಟ್ಟುವ ಮುಂಚೆಯೇ ಸರಕ್ಕನೆ ತೆರೆದುಕೊಂಡಿತು. ಮೂಲೆಯಲ್ಲೊಂದು ಕ್ಯಾಮೆರಾ ಇವನನ್ನೇ ನೋಡುತ್ತಿತ್ತು. ಕಂಬಳಿಯ ಉಣ್ಣೆ, ಹೊಸ ರೇಷ್ಮೆ, ಎದುರುಗಡೆಯ ಚಹಾ, ಬೀಡಿ ಎಲ್ಲ ಬೆರೆತ ಆ ಹಳೆಯ ವಾಸನೆ ಹೋಗಿ ಆಸ್ಪತ್ರೆಯ ನೆಲ ಒರೆಸಿದಂಥ ವಾಸನೆ ಬಂದಿತ್ತು. ಮಾತಿಲ್ಲ, ಕತೆಯಿಲ್ಲ, ಜನ ಕಿವಿಗೆ ವೈರು ಸಿಕ್ಕಿಸಿಕೊಂಡು ಪರದೆ ನೋಡುತ್ತ ಕೂತಿದ್ದರು. ಇಷ್ಟು ಜನ ಇದ್ದೂ ಇಷ್ಟು ಸದ್ದಿಲ್ಲದ ಜಾಗವನ್ನು ಜಯದೇವಪ್ಪ ಕಂಡಿರಲಿಲ್ಲ. ಇಲ್ಲಿ ಯಾರಿಗಾದರೂ ಏನಾದರೂ ಆದರೆ ಪಕ್ಕದವನಿಗೂ ತಿಳಿಯಲಿಕ್ಕಿಲ್ಲ ಎನಿಸಿ ಅವನಿಗೆ ಅಳುಕಾಯಿತು.

ಆಯೇಷಾ ಎದ್ದು ಬಂದಳು. ಅವಳ ಮೇಜು ಇದ್ದದ್ದು ಸರಿಯಾಗಿ ಜಯದೇವಪ್ಪನ ಅಂಗಡಿಯ ಜಾಗದಲ್ಲಿ.

"ನೋಡಲೇ, ನನ್ನ ಮೊಮ್ಮಗಳು ನಿನ್ನ ಗಲ್ಲಾದ ಮೇಲೆ ಕೂತವಳೆ," ಎಂದು ನೂರ್ ಅಹಮ್ಮದ್ ಕುರ್ಚಿಯನ್ನು ಸವರಿ ಸವರಿ ನೋಡಿ ಖುಷಿಪಟ್ಟ. "ನನ್ನ ಅಂಗಡಿ ಏನಾಯ್ತು ಮಗಾ?"

"ಅದು ಹಳೇ ಫೈಲ್ ಇಡೋ ರೂಮ್ ಆಗಿದೆ ದಾದಾ. ಅಲ್ಲಿ ಯಾರೂ ಕೂರಲ್ಲ. ನೀವು ಹೋಗಿ ನೋಡ್ಬಹುದು, ಸಾಹೇಬ್ರನ್ನ ಕೇಳಿದ್ದೀನಿ." ಅಷ್ಟರಲ್ಲಿ ಯಾರೋ ಕರೆದರು, ಅವಳು ಹೋದಳು.

ಕೊನೆಯ ಕಮಾನನ್ನು ಹೊಸ ಮಾಲೀಕರು ಚಂದಕ್ಕೆಂದು ಇದ್ದಹಾಗೆಯೇ ಉಳಿಸಿದ್ದರು. ಅದೇ ತೇಗದ ಬಾಗಿಲು, ಅದೇ ಸವೆದ ಕಲ್ಲಿನ ಹೊಸ್ತಿಲು. ನೂರ್ ಅಹಮ್ಮದ್ ಅದರ ಮುಂದೆ ನಿಂತು, ಕೋಲೂರಿ ಒಂದು ಕಾಲು ಒಳಗಿಟ್ಟು ಇಣುಕಿದ. ಒಳಗೆ ಕಬ್ಬಿಣದ ಕಪಾಟುಗಳ ಸಾಲು, ಮೇಲೆ ಬಿಳಿಯ ಟ್ಯೂಬುಗಳ ಬೆಳಕು. ಹೊರಗೆ ಮಸೀದಿಯಿಂದ ಮಧ್ಯಾಹ್ನದ ಅಜಾನ್ ಕೇಳಿಬಂತು.

"ಇಲ್ಲೇ ನಮಾಜ್ ಮುಗಿಸಿ ಬರ್ತೀನಿ. ಎಷ್ಟು ವರ್ಷ ಆಯ್ತೋ. ನೀನು ಕೂತ್ಕೊ."

"ನಾನೂ ಬರ್ತೀನಿ ತಡಿಯಲೇ. ನಿನ್ನ ಹೆಂಡ್ತಿಗೆ ಮಾತು ಕೊಟ್ಟೀನಿ."

"ನನ್ನ ಅಂಗಡಿಗೆ ನಾನು ಹೋಗಾಕೆ ನಿನ್ನ ಕೈ ಹಿಡ್ಕಬೇಕೇನಲೇ ಪುಕ್ಕಲಾ?"

ಪುಕ್ಕಲ ಎಂಬ ಮಾತಿಗೆ ಜಯದೇವಪ್ಪ ನಿಂತುಬಿಟ್ಟ. ಜೀವಮಾನವಿಡೀ ಕೇಳಿದ ಮಾತು ಅದು, ಆದರೂ ಕೇಳಿದಾಗಲೆಲ್ಲ ಚುರುಕ್ಕೆನ್ನುತ್ತಿತ್ತು. ಹಳೇ ಜಗಲಿಯನ್ನು ಈಗ ಗೋಡೆ ಕಟ್ಟಿ ಕಚೇರಿಯೊಳಕ್ಕೆ ಸೇರಿಸಿದ್ದರು; ಎದುರಿನ ಆ ಗೋಡೆಗೆ ಆನಿಸಿ ಹಾಕಿದ್ದ ಕುರ್ಚಿಯೊಂದರಲ್ಲಿ ಹೋಗಿ ಕೂತ. ಅಲ್ಲಿಂದ ಬಾಗಿಲು, ಹೊಸ್ತಿಲು, ಮೊದಲ ಕಪಾಟಿನ ಬೆನ್ನು ಇಷ್ಟೇ ಕಾಣುತ್ತಿದ್ದವು. ಗೆಳೆಯ ಕಪಾಟಿನ ಮರೆಗೆ ಹೋಗಿದ್ದು ಕಂಡಿತು. ಅಜಾನ್ ನಿಂತಿತು. ಇನ್ನೂ ಅದರ ಗುಂಗು ಕಿವಿಯಲ್ಲಿದ್ದಾಗಲೇ ಠಣ್ ಎಂದು ಹಿತ್ತಾಳೆ ಕಲ್ಲಿಗೆ ತಾಗಿದ ಸದ್ದಾಯಿತು. ನೋಡಿದರೆ ಹೊಸ್ತಿಲಿಗೆ ಅಡ್ಡಲಾಗಿ ಗಜಕೋಲು ಬಿದ್ದುಕೊಂಡಿತ್ತು.

ಜಯದೇವಪ್ಪನ ಮುಖ ಅರಳಿತು. ಆ ದಿನ ಅವನು ಹೆದರಿಕೆ ಮರೆತದ್ದು ಆ ಒಂದು ಗಳಿಗೆಯಲ್ಲಿ ಮಾತ್ರ.

ಕಮಾನು ಬಜಾರಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಊಟಕ್ಕೋ, ನಮಾಜಿಗೋ, ಪೂಜೆಗೋ ಹೋಗುವವರು ಹೊಸ್ತಿಲಿಗೆ ಗಜಕೋಲು ಅಡ್ಡ ಇಟ್ಟು ಹೋಗುವರು. ಕೋಲು ಇದ್ದರೆ ಯಜಮಾನ ಗದ್ದುಗೆಯಲ್ಲಿಲ್ಲ, ಬರುತ್ತಾನೆ, ಕಾಯಿರಿ ಎಂದು ಅರ್ಥ. ಅದನ್ನು ದಾಟುವುದು ಅವನ ಮೇಲೆ ನಂಬಿಕೆಯಿಲ್ಲವೆಂದು ಮುಖಕ್ಕೆ ಹೇಳಿದಂತೆ. ನೂರ್ ಅಹಮ್ಮದನ ಅವ್ವ ತೀರಿಕೊಂಡಾಗ ಅವನು ಗದ್ದುಗೆಯ ಮೇಲೆ ಜರಿ ಸೀರೆಗಳನ್ನು ಹರವಿಟ್ಟಿದ್ದಹಾಗೆಯೇ ಕೋಲು ಇಟ್ಟು ಮೊಳಕಾಲ್ಮುರಿಗೆ ಓಡಿದ್ದ. ಎಲ್ಲ ಮುಗಿಸಿ ಅವನು ಮರಳುವ ತನಕ ಒಂದು ಎಳೆ ಅತ್ತಿತ್ತ ಆಗಿರಲಿಲ್ಲ. ರಾತ್ರಿ ಮಾತ್ರ ಜಯದೇವಪ್ಪ ಆ ಕೋಲಿನ ಈಚೆ ಕಂಬಳಿ ಹಾಸಿ ಮಲಗಿದ್ದ, ಅದೂ ಹೆದರಿ ಹೆದರಿ. ಗುಲ್ಷನ್ ಬೀ ಕೂಡ ಹೊಸ ಮದುವಣಗಿತ್ತಿಯಾಗಿದ್ದಾಗ ಬುತ್ತಿ ತಂದರೆ, ಕೋಲು ಅಡ್ಡ ಇದ್ದರೆ, ಬುತ್ತಿ ಹಿಡಿದುಕೊಂಡು ಜಗಲಿಯಲ್ಲೇ ನಿಂತಿರುತ್ತಿದ್ದಳು.

ಕೋಲು ಕೊಂಚ ಓರೆಯಾಗಿತ್ತು. ಹಿಂದೆ ನೂರ್ ಅಹಮ್ಮದ್ ಅದನ್ನು ದಾರ ಹಿಡಿದಂತೆ ನೇರ ಇಡುತ್ತಿದ್ದ. ವಯಸ್ಸಾಯ್ತಲ್ಲ, ಬಗ್ಗುವುದು ಕಷ್ಟ ಎಂದುಕೊಂಡ ಜಯದೇವಪ್ಪ.

ಸ್ವಲ್ಪ ಹೊತ್ತಿಗೆ ಆಯೇಷಾ ಬಂದಳು. "ದಾದಾ ಎಲ್ಲಿ ತಾತಾ?"

"ಒಳಗವನೆ. ನಮಾಜ್ ಮಾಡ್ತಾನೆ."

ಅವಳು ಬಾಗಿಲ ಕಡೆ ನಡೆದಳು. ಜಯದೇವಪ್ಪ ಕೈ ಅಡ್ಡ ಮಾಡಿ ತಡೆದ. "ಕೋಲು ಐತೆ ನೋಡು. ಅದು ಇದ್ರೆ ದಾಟಬಾರ್ದು. ನಿಮ್ಮ ದಾದಾನ ಹಳೇ ರಿವಾಜು. ಬರ್ತಾನೆ ಹೋಗವ್ವ, ನಿನ್ನ ಕೆಲ್ಸ ನೋಡ್ಕೊ." ಹೇಳುವಾಗ ಅವನಿಗೆ ಸ್ವಲ್ಪ ಜಂಬವೂ ಆಗಿತ್ತು. ಹುಡುಗಿ ನಕ್ಕು ಹೊರಟುಹೋದಳು.

ಅವಳು ಅತ್ತ ಹೋದಳೋ ಇಲ್ಲವೋ, ಕೋಣೆಯ ದೀಪ ಪಟ್ಟನೆ ಆರಿತು.

ಜಯದೇವಪ್ಪನ ಜೀವ ಝಲ್ಲೆಂದಿತು. ಬಾಗಿಲಿನ ಆಚೆ ಕತ್ತಲೆ. ಕಪಾಟಿನ ಬೆನ್ನು ಕೂಡ ಕಾಣದು. ಹೊಸ್ತಿಲ ಮೇಲಿನ ಕೋಲು ಮಾತ್ರ ಜಗಲಿಯ ಬೆಳಕಿಗೆ ಹೊಳೆಯುತ್ತಿತ್ತು. ಉಳಿತಾಯದ ಮನುಷ್ಯ, ತಾನೇ ಆರಿಸಿರಬೇಕು ಎಂದು ಸಮಾಧಾನ ಮಾಡಿಕೊಂಡ. ಹೌದಲ್ಲ, ಅಂಗಡಿಯಲ್ಲೂ ಗಿರಾಕಿ ಇಲ್ಲದಿದ್ದರೆ ಬಲ್ಬು ಆರಿಸುತ್ತಿದ್ದನಲ್ಲ.

"ನೂರಾ," ಎಂದು ಮೆಲ್ಲಗೆ ಕರೆದ. ಉತ್ತರವಿಲ್ಲ. ನಮಾಜಿನಲ್ಲಿದ್ದವನು ಮಾತಾಡುವುದಿಲ್ಲ, ಅದೂ ಸರಿಯೇ. ಎಲ್ಲದಕ್ಕೂ ಒಂದು ಸಮಜಾಯಿಷಿ ಸಿಕ್ಕುತ್ತಿತ್ತು, ಆದರೂ ಕುರ್ಚಿಯ ತುದಿಗೆ ಸರಿದು ಕೂತ. ಎದ್ದು ಹೋಗಿ ಇಣುಕಲೇ ಎಂದುಕೊಂಡ. ಒಳಗಿನವನು ನಮಾಜಿನ ಕೊನೆಗೆ ಸಲಾಮು ಹೇಳಿ ಮುಖ ತಿರುಗಿಸಿದಾಗ ನೋಡಿ, ನನ್ನ ಕೋಲು ದಾಟಿದೆಯೇನಲೇ ಎಂದರೆ ಏನು ಹೇಳುವುದು? ಹೆದರಿದೆ ಎಂದರೆ ನಗುತ್ತಾನೆ. ಮೂರು ಹೊತ್ತೂ ಹೆದರುವವನಿಗೆ ಇದೇ ಗೋಳು. ಯಾವ ಹೆದರಿಕೆ ತನ್ನ ಹಳೇ ಚಾಳಿ, ಯಾವುದು ನಿಜವಾದದ್ದು ಎಂದು ಅವನಿಗೇ ಗೊತ್ತಾಗುವುದಿಲ್ಲ.

ಕತ್ತಲೆಯೊಳಗೆ ಫೋನು ಬಡಿದುಕೊಳ್ಳತೊಡಗಿತು. ನೂರ್ ಅಹಮ್ಮದನ ಫೋನು. ಎಡೆಬಿಡದೆ ಬಡಿದು ಬಡಿದು ನಿಂತಿತು. ಮರುಗಳಿಗೆಗೆ ಜಯದೇವಪ್ಪನ ಜೇಬಿನಲ್ಲಿ ಶುರುವಾಯಿತು.

"ಅಣ್ಣಾ, ಅವ್ರು ಫೋನ್ ಎತ್ತಾ ಇಲ್ಲ," ಗುಲ್ಷನ್ ಬೀಯ ದನಿ ನಡುಗುತ್ತಿತ್ತು. "ನೀವು ಜತಿಗೇ ಇದ್ದೀರಲ್ಲ?"

"ಎದುರಿಗೇ ಕೂತೀನಮ್ಮ. ಅವ್ನು ಅಂಗಡಿಯಾಗೆ ನಮಾಜ್ ಮಾಡಾಕೆ ಹೋಗವ್ನೆ. ಕೋಲು ಅಡ್ಡ ಹಾಕವ್ನೆ."

ಆ ಕಡೆ ಗುಲ್ಷನ್ ಬೀ ಉಸಿರು ಬಿಟ್ಟದ್ದು ಕೇಳಿಸಿತು. "ಕೋಲು ಹಾಕವ್ರಾ? ಹಂಗಾರೆ ಬರ್ತಾರೆ ಬಿಡ್ರಿ. ಬಂದ ಮೇಲೆ ಒಂದು ಫೋನ್ ಮಾಡ್ಸಿ."

ಅವಳ ನೆಮ್ಮದಿ ಜಯದೇವಪ್ಪನಿಗೆ ತಾಗಲಿಲ್ಲ. ನಮಾಜ್ ಇಷ್ಟು ಉದ್ದ ಇರುತ್ತದೆಯೇ? ಅವನು ಅದನ್ನು ಎಷ್ಟು ಸಲ ನೋಡಿಲ್ಲ? ನೂರ್ ಅಹಮ್ಮದ್ ಚಹಾ ಆರುವುದರೊಳಗೆ ಬಂದು ಕುಡಿಯುತ್ತಿದ್ದ ಮನುಷ್ಯ. ಆದರೆ ಎಷ್ಟೋ ವರ್ಷಕ್ಕೆ ಬಂದಿದ್ದಾನೆ, ಕೂತು ಹಳೆಯದನ್ನು ನೆನೆಯುತ್ತಿರಬಹುದು, ಕಣ್ಣೀರು ಬಂದಿರಬಹುದು, ಅದನ್ನು ಯಾರೂ ನೋಡಬಾರದೆಂದೇ ದೀಪ ಆರಿಸಿರಬಹುದು.

ಕಾವಲಿನ ಹನುಮಂತರಾಯ ಬೀಗದ ಕೈ ಅಲ್ಲಾಡಿಸುತ್ತ ಆ ಕಡೆ ಬಂದ. "ಯಾಕ್ ಯಜಮಾನ್ರೆ, ಇಲ್ಲಿ ಕೂತಿದ್ದೀರಿ? ಆ ರೂಮ್ ಬೀಗ ಹಾಕ್ಲಾ?"

"ಬ್ಯಾಡಪ್ಪ. ಒಳಗೆ ನನ್ನ ಸ್ನೇಹಿತ ಅವನೆ."

"ಒಳಗಾ? ದೀಪನೇ ಇಲ್ವಲ್ಲ."

"ಅವನೇ ಆರಿಸ್ಕೊಂಡವನೆ."

"ಅಲ್ಲಿ ಆರಿಸಾಕೆ ಸ್ವಿಚ್ಚೇ ಇಲ್ರಿ. ಒಳಗೆ ಜನ ಓಡಾಡ್ತಿದ್ರೆ ತಾನೇ ಹತ್ತುತ್ತೆ. ಯಾರೂ ಅಲ್ಲಾಡ್ಲಿಲ್ಲ ಅಂದ್ರೆ ತಾನೇ ಆರುತ್ತೆ."

ಜಯದೇವಪ್ಪನಿಗೆ ಮೊದಲು ಆ ಮಾತು ತಲೆಗೆ ಹತ್ತಲಿಲ್ಲ. ನಮಾಜ್ ಮಾಡುವವನು ನಿಲ್ಲುತ್ತಾನೆ, ಬಾಗುತ್ತಾನೆ, ನೆಲಕ್ಕೆ ಹಣೆ ಹಚ್ಚುತ್ತಾನೆ, ಮತ್ತೆ ಏಳುತ್ತಾನೆ. ಅಲ್ಲಾಡದೆ ನಮಾಜ್ ಎಲ್ಲಿ ಬಂತು? ಕುರ್ಚಿಯ ಕೈ ಹಿಡಿದು ಏಳಹೊರಟ.

ಆಗ ಹೊಸ್ತಿಲ ಮೇಲಿನ ಕೋಲು ಸರಿಯಿತು.

ಒಂದು ಬೆರಳಿನಷ್ಟು. ಹಿತ್ತಾಳೆ ಕಲ್ಲಿಗೆ ಉಜ್ಜಿ ಕಿರ್ ಎಂದಿತು. ಅಬ್ಬಾ, ಬಂದ, ಕೋಲು ತೆಗೆಯುತ್ತಿದ್ದಾನೆ ಎಂದು ಜಯದೇವಪ್ಪನ ಎದೆ ಹಗುರಾಯಿತು. ಆದರೆ ಕೋಲು ನಿಂತುಬಿಟ್ಟಿತು. ಮೇಲೆ ಯಾವ ಕೈಯೂ ಕಾಣಲಿಲ್ಲ. ಮತ್ತೆ ಅಷ್ಟೇ ಸರಿಯಿತು, ಮತ್ತೆ ನಿಂತಿತು. ಕತ್ತಲೆ ಅದನ್ನು ಚೂರುಚೂರೇ ಒಳಗೆ ಎಳೆದುಕೊಳ್ಳುತ್ತಿದ್ದಂತಿತ್ತು. ಹನುಮಂತರಾಯನೂ ಬಾಯಿ ತೆರೆದು ನೋಡುತ್ತ ನಿಂತ.

ಗಜಕೋಲನ್ನು ಹೀಗೆ ಯಾರೂ ತೆಗೆಯುವುದಿಲ್ಲ. ಬಗ್ಗಿ, ಎತ್ತಿ, ಕಣ್ಣಿಗೊತ್ತಿ, ಗೋಡೆಗೆ ಆನಿಸುತ್ತಾರೆ. ಜಯದೇವಪ್ಪನಿಗೆ ಅದು ಹೊಳೆದದ್ದೇ ತಡ, ತನ್ನ ಕಾಲು ಎದ್ದದ್ದೂ ಓಡಿದ್ದೂ ತಿಳಿಯಲಿಲ್ಲ. ಹೊಸ್ತಿಲ ಬಳಿ ಒಂದು ಕ್ಷಣ, ಒಂದೇ ಕ್ಷಣ, ಆ ಕೋಲಿನ ಮುಂದೆ ಅವನ ಹೆಜ್ಜೆ ತಡವರಿಸಿತು. ಆಮೇಲೆ ದಾಟಿದ.

ಕಾಲಿಟ್ಟೊಡನೆ ದೀಪಗಳೆಲ್ಲ ಒಟ್ಟಿಗೆ ಹತ್ತಿದವು.

ನೂರ್ ಅಹಮ್ಮದ್ ಬಾಗಿಲ ಮಗ್ಗುಲಲ್ಲೇ ಕಪಾಟಿನ ಬುಡಕ್ಕೆ ಒರಗಿದಂತೆ ನೆಲದ ಮೇಲೆ ಬಿದ್ದಿದ್ದ. ಟೋಪಿ ಉರುಳಿಹೋಗಿತ್ತು. ಬಾಯಿ ಒಂದು ಕಡೆಗೆ ಎಳೆದು ಜೊಲ್ಲು ಸುರಿಯುತ್ತಿತ್ತು. ಎಡಗೈ ಮೈಕೆಳಗೆ ಮಡಚಿಕೊಂಡಿತ್ತು. ಚೀಲ ಅಷ್ಟು ದೂರದಲ್ಲಿ ಬಿದ್ದಿತ್ತು, ಒಳಗಿನ ಚಾಪೆ ಹೊರಗೆ ಬಂದೇ ಇರಲಿಲ್ಲ. ನಮಾಜಿಗೆ ನಿಲ್ಲುವ ಮೊದಲೇ ತಲೆ ತಿರುಗಿದೆ. ಹೊರಗೆ ಬರಲು ಬಾಗಿಲಿಗೆ ಹೊರಳಿದ್ದಾನೆ. ಕಪಾಟಿಗೆ ಒರಗಿ ಸದ್ದಿಲ್ಲದೆ ಕುಸಿದಿದ್ದಾನೆ. ಅವನ ಕೈಯಿಂದ ಜಾರಿದ ಕೋಲು ಹೊಸ್ತಿಲ ಮೇಲೆ ಹೋಗಿ ಬಿದ್ದಿದೆ. ಯಾರೂ ಅದನ್ನು ಅಡ್ಡ ಇಟ್ಟಿರಲಿಲ್ಲ.

ಬಲಗೈ ಮಾತ್ರ ಚಾಚಿಕೊಂಡಿತ್ತು. ಬೆರಳ ತುದಿಗಳು ಕೋಲಿನ ಹಿತ್ತಾಳೆಯ ಮೇಲಿದ್ದವು. ಜಯದೇವಪ್ಪ ನೋಡುತ್ತಿದ್ದಂತೆಯೇ ಆ ಬೆರಳುಗಳು ಮತ್ತೊಮ್ಮೆ ಕೋಲನ್ನು ಎಳೆದವು.

ಅವನಿಗೆ ಆಗ ಎಲ್ಲ ಅರ್ಥವಾಯಿತು. ಎದುರು ಕೂತಿದ್ದ ಗೆಳೆಯ ಆ ಕೋಲು ಇರುವ ತನಕ ಬರುವವನಲ್ಲ ಎಂದು ನೂರ್ ಅಹಮ್ಮದನಿಗೆ ಗೊತ್ತಿತ್ತು. ಕೂಗಲು ಬಾಯಿ ಇಲ್ಲ, ಏಳಲು ಮೈ ಇಲ್ಲ. ಆಯೇಷಾಳನ್ನು ತಡೆದು ಕಳಿಸಿದ್ದನ್ನೂ ಅವನು ಅಲ್ಲಿ ಬಿದ್ದುಕೊಂಡೇ ಕೇಳಿರಬೇಕು. ಅಷ್ಟು ಹೊತ್ತೂ ಅವನು ಮಾಡುತ್ತಿದ್ದದ್ದು ಅದೊಂದೇ ಕೆಲಸ, ಬೆರಳು ಬೆರಳಷ್ಟೇ ಕೈ ಚಾಚಿ ಕೋಲನ್ನು ಮುಟ್ಟಿ, ಹೊಸ್ತಿಲಿನಿಂದ ಅದನ್ನು ತೆಗೆದು ಜಯದೇವಪ್ಪನಿಗೆ ದಾರಿ ಬಿಡಿಸುವುದು.

"ಬಂದೆ ಕಣಲೇ, ಬಂದೆ," ಎಂದು ಜಯದೇವಪ್ಪ ನೆಲಕ್ಕೆ ಕುಸಿದು ಆ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ನೂರ್ ಅಹಮ್ಮದನ ಒಂದು ಕಣ್ಣು ಅವನನ್ನೇ ನೋಡಿತು. ಅದರಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೆದರಿಕೆ ಇತ್ತು. ಜಯದೇವಪ್ಪ ತನ್ನ ಗೆಳೆಯನ ಕಣ್ಣಲ್ಲಿ ಅದನ್ನು ಕಂಡದ್ದು ಅದೇ ಮೊದಲು, ಮತ್ತು ಜೀವಮಾನದಲ್ಲಿ ಪಟ್ಟ ಹೆದರಿಕೆಗಳೆಲ್ಲ ಅದರ ಮುಂದೆ ಏನೂ ಅಲ್ಲ ಎನಿಸಿತು.

ದುರ್ಗದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ಆಯೇಷಾ ಅಜ್ಜನ ಪಾದ ಉಜ್ಜುತ್ತ ಕೂತಿದ್ದಳು. ಜಯದೇವಪ್ಪ ಅವಳ ಮುಖ ನೋಡಲಾರದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅದನ್ನು ಯಾಕೆ ತಂದೆನೆಂದು ಅವನಿಗೇ ತಿಳಿಯದು.

ಲಕ್ವ ಹೊಡೆದಿದೆ ಎಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವಸರದಲ್ಲಿ ಕೇಳಿದಳು. "ಯಾವಾಗ ಬಿದ್ರು? ಸರಿಯಾಗಿ ಹೇಳ್ಬೇಕು. ಬಿದ್ದು ಕೆಲವು ಗಂಟೆ ಮೀರಿದ್ರೆ ಈ ಇಂಜೆಕ್ಷನ್ ಕೊಡೋ ಹಾಗಿಲ್ಲ. ಯಾರಾದ್ರೂ ನೋಡಿದ್ರಾ?"

ನೋಡಲಿಲ್ಲ ಎಂದುಬಿಟ್ಟರೆ ಮುಗಿಯಿತು. ಆಗ ತಾನು ಬಾಗಿಲ ಎದುರು ಕೂತೇ ಇದ್ದ ವಿಷಯ ಬರುವುದಿಲ್ಲ. ಆಯೇಷಾ ಪಕ್ಕದಲ್ಲೇ ನಿಂತಿದ್ದಳು. ಜಯದೇವಪ್ಪ ಡಾಕ್ಟರಮ್ಮನ ಕಡೆಗೆ ಒಂದು ಹೆಜ್ಜೆ ಮುಂದೆ ಬಂದ.

"ನಾನು ಎದುರಿಗೇ ಕೂತಿದ್ದೆ ತಾಯಿ," ಎಂದ. "ಮಧ್ಯಾಹ್ನದ ಅಜಾನ್ ಆಗಷ್ಟೇ ನಿಂತಿತ್ತು. ಕೋಲು ಬಿದ್ದ ಸದ್ದು ನನ್ನ ಕಿವಿಗೆ ಬಿತ್ತು. ಆಗಲೇ ಬಿದ್ದದ್ದು ಅವನು. ನಾನು ಎದ್ದು ಹೋಗ್ಲಿಲ್ಲ. ಈ ಮಗು ಹೋಗ್ತೀನಿ ಅಂದ್ರೂ ಬಿಡ್ಲಿಲ್ಲ."

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದಳು. "ಸಮಯ ಇದೆ," ಎಂದು ನರ್ಸಿಗೆ ಏನೋ ಹೇಳುತ್ತ ಒಳಗೆ ಓಡಿದಳು. ಆಯೇಷಾ ಗೋಡೆಗೆ ಮುಖ ಮಾಡಿ ಅತ್ತಳು.

ಸಂಜೆ ವಾರ್ಡಿಗೆ ತಂದು ಮಲಗಿಸಿದರು. ಇಂಜೆಕ್ಷನ್ ಕೊಟ್ಟಿದ್ದಾಗಿದೆ, ನಾಳೆಯ ತನಕ ಏನೂ ಹೇಳಲಾಗುವುದಿಲ್ಲ ಎಂದರು. ಜಯದೇವಪ್ಪ ಬಾಗಿಲ ಬಳಿಯ ಸ್ಟೂಲಿನ ಮೇಲೆ, ತೊಡೆಗೆ ಅಡ್ಡಲಾಗಿ ಕೋಲು ಇಟ್ಟುಕೊಂಡು, ಗೆಳೆಯನ ಎದೆ ಏರುವುದನ್ನೂ ಇಳಿಯುವುದನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನ ಉಸಿರೇ ನಿಲ್ಲುತ್ತಿತ್ತು.

ಯಾರೋ ಬಂದಂತಾಗಿ ತಲೆ ಎತ್ತಿದ. ಬಾಗಿಲ ಆಚೆ ಗುಲ್ಷನ್ ಬೀ ನಿಂತಿದ್ದಳು. ಸೆರಗು ತಲೆಯ ಮೇಲೆ, ಕೈಯಲ್ಲಿ ಊಟದ ಡಬ್ಬಿ. ಮೊಳಕಾಲ್ಮುರಿನಿಂದ ಏದುಸಿರು ಬಿಡುತ್ತ ಬಂದವಳು ಅಲ್ಲಿ ಯಾಕೆ ನಿಂತಳೆಂದು ಜಯದೇವಪ್ಪನಿಗೆ ತಿಳಿಯಲಿಲ್ಲ. ಅವಳ ದೃಷ್ಟಿ ಹಿಡಿದು ಕೆಳಗೆ ನೋಡಿದ. ಅವನ ತೊಡೆಯ ಮೇಲಿನ ಗಜಕೋಲು ಬಾಗಿಲಿನ ಅರ್ಧಕ್ಕೆ ಅಡ್ಡವಾಗಿ ಚಾಚಿಕೊಂಡಿತ್ತು. ಡಬ್ಬಿ ಹಿಡಿದುಕೊಂಡು, ಆ ಕೋಲನ್ನೇ ನೋಡುತ್ತ, ಅವಳು ಅಂದಿನ ಹಾಗೆಯೇ ಹೊರಗೆ ಕಾಯುತ್ತಿದ್ದಳು.

ಜಯದೇವಪ್ಪ ದಡಬಡಿಸಿ ಎದ್ದು ಕೋಲನ್ನು ಮಂಚದ ಅಡಿಗೆ, ಯಾರ ಕಣ್ಣಿಗೂ ಬೀಳದಷ್ಟು ದೂರಕ್ಕೆ ತಳ್ಳಿದ.

"ನಿಲ್ಲಬ್ಯಾಡ ತಾಯಿ," ಎಂದ, ಅಳುತ್ತ. "ಕೋಲು ತೆಗ್ದೀನಿ. ಒಳಗೆ ಬಾ."

ಗುಲ್ಷನ್ ಬೀ ಒಳಗೆ ಬಂದಳು. ಮಂಚದ ಮೇಲೆ ನೂರ್ ಅಹಮ್ಮದನ ಬಲಗೈ ಮೆಲ್ಲಗೆ ಹೊರಳಿ ಅಂಗೈ ಮೇಲಾಯಿತು. ಅವಳು ಡಬ್ಬಿ ಕೆಳಗಿಟ್ಟು ಅದನ್ನು ಹಿಡಿದುಕೊಂಡಳು.